ಚಕ್ರ ಮಡಚುವ ವಿಮಾನ

ಹಲ್ಲಿನ ಡಾಕ್ಟರಿಗೆ ಅದೊಂದು ಮಾತ್ರ ತಲೆಗೆ ಹತ್ತಲಿಲ್ಲ. ನೂರನಲವತ್ತು ಗಂಟೆ ವಿಮಾನ ಹಾರಿಸಿದ್ದರು, ಒಂದು ಗೀರೂ ಬಿದ್ದಿರಲಿಲ್ಲ. ಈಗ ಕೊಂಡ ವಿಮಾನದಲ್ಲಿ ಅಂಥ ಹೆಚ್ಚಿನದೇನಿದೆ? ಮೇಲೇರಿದ ಮೇಲೆ ಚಕ್ರಗಳು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ, ಅಷ್ಟೇ ತಾನೆ! ಅಷ್ಟಕ್ಕೇ, ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಪ್ಪತ್ತೈದು ಗಂಟೆ ಹಾರಿಸದೆ ವಿಮೆಯೇ ಇಲ್ಲವಂತೆ.

"ನನ್ನ ನೂರನಲವತ್ತು ಗಂಟೆಗೆ ಬೆಲೆಯೇ ಇಲ್ವಾ ಮೇಡಂ?" ಎಂದು ಕೇಳಿಯೇಬಿಟ್ಟರು.

ವಿಮೆ ಕಚೇರಿಯ ಮೇಡಂ ಕನ್ನಡಕವನ್ನು ಹಣೆಗೇರಿಸಿದರು. "ನಮಗೆ ಭಯ ಇರೋದೇ ಆ ನೂರನಲವತ್ತು ಗಂಟೆ ಬಗ್ಗೆ ಡಾಕ್ಟ್ರೇ. ಅಷ್ಟೂ ಚಕ್ರ ಮಡಚದ ವಿಮಾನದಲ್ಲೇ ಅಲ್ವಾ?"

"ಹೌದು. ಅದಕ್ಕೇನೀಗ?"

"ಕಣ್ಣು ಮುಚ್ಚಿ. ನಿಮ್ಮ ಹೊಸ ವಿಮಾನಾನ ಈ ಮೇಜಿನ ಮೇಲೆ ಇಳಿಸಿ, ನೋಡೋಣ."

ಇದೇನಪ್ಪಾ ಹೊಸ ಆಟ ಎಂದು ಡಾಕ್ಟರಿಗೆ ಕುತೂಹಲ ಕೆರಳಿತು. ಕಣ್ಣು ಮುಚ್ಚಿ, ಬಲಗೈಯನ್ನೇ ವಿಮಾನ ಮಾಡಿಕೊಂಡು ಶುರುಮಾಡಿದರು. "ಇಂಧನ ನೋಡ್ದೆ. ಬೆಲ್ಟ್ ಬಿಗಿಯಾಗಿದೆ. ವೇಗ ಇಳಿಸ್ದೆ. ರೆಕ್ಕೆಯ ಫ್ಲಾಪ್ ಬಿಟ್ಟೆ. ರನ್‌ವೇ ನೇರಕ್ಕೇ ಇದೆ. ಮೂಗು ಒಂಚೂರು ಎತ್ತಿದೆ..." ಅಂಗೈ ಸದ್ದಿಲ್ಲದೆ ಮೇಜಿಗೆ ತಾಗಿತು. "ಇಳೀತು ನೋಡಿ, ಹೂವು ಇಟ್ಟ ಹಾಗೆ!"

"ಚೆನ್ನಾಗೇ ಇಳಿಸಿದ್ರಿ," ಎಂದರು ಮೇಡಂ. "ಚಕ್ರ ಯಾವಾಗ ಕೆಳಗೆ ಬಿಟ್ರಿ?"

ಡಾಕ್ಟರು ಕಣ್ಣು ತೆರೆದರು. ಅಂಗೈ ಮೇಜಿನ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದುಕೊಂಡಿತ್ತು. ಅದನ್ನು ಎತ್ತಲಾರದೆ ಎಡಗೈ ಚಾಚಿದರು.

"ಆ ಇಪ್ಪತ್ತೈದು ಗಂಟೆ ಕಾಗದ ಕೊಡಿ. ಎಲ್ಲಿ ಸಹಿ ಹಾಕ್ಬೇಕು?"