ಮಕ್ಕಳು ಹೇಳಬಹುದಾದದ್ದು

ಶವಪೆಟ್ಟಿಗೆಗೆ ಹೂವಿಡುವ ಹೊತ್ತಿನಲ್ಲಿ ತೀರಿಹೋದ ತಾಕೆಮಿಯಾ ಮೇಷ್ಟ್ರ ಪಕ್ಕ ಇಡಲೆಂದು ಅವರ ಮಗಳು ನೊರಿಯೆ ಕೊಟ್ಟ ಕಾಗದದ ಕಟ್ಟನ್ನು ಚಿಜುರು ಬಿಚ್ಚಿ ಓದುತ್ತಾ ನಿಂತುಬಿಟ್ಟಿದ್ದಳು. ಓದಬೇಕೆಂದು ಯಾರೂ ಹೇಳಿರಲಿಲ್ಲ. ಅವಳಂಥ ಶಾಲಾ ಮೇಡಂಗಳ ಕೆಟ್ಟ ಚಾಳಿ ಅದು, ಕೈಗೆ ಬಂದ ಹಾಳೆಯನ್ನು ಓದದೆ ಬಿಡುವುದಿಲ್ಲ.

"ಅಪ್ಪನ ಆವತ್ತಿನ ಪಾಠದ ಟಿಪ್ಪಣಿ," ಎಂದಳು ನೊರಿಯೆ. "ನಲವತ್ತು ವರ್ಷ ಜೋಪಾನ ಮಾಡಿದ್ರು. ಆ ಹುಡುಗಿ ತಾನಾಗೇ ಎದ್ದು ಕೇಳಿದ್ಲು ಅಂತ ಊಟಕ್ಕೆ ಕೂತಾಗೆಲ್ಲ ಹೇಳೋರು. ನಮಗೆ ಕೇಳಿ ಕೇಳಿ ಸಾಕಾಗಿತ್ತು!"

"ಇನ್ನರ್ಧ ಗಂಟೆಗೆ ಇವಳೂ ಅದನ್ನೇ ಹೇಳ್ತಾಳೆ, ತಡೀರಿ," ಎಂದು ಶಿಗೆಕಿ ನಕ್ಕ. ಈಗ ಬಸ್ ಓಡಿಸುವ ಅವನು ನಾಲ್ಕನೇ ತರಗತಿಯಲ್ಲಿ ಚಿಜುರುವಿನ ಪಕ್ಕದ ಮೇಜಿನವನು. "ಆವತ್ತು ನಾನೂ ಕೈ ಎತ್ತಿದ್ದೆ ಕಣೇ. ನಿನ್ನ ಭಾಷಣದಲ್ಲಿ ನನ್ನ ಹೆಸರೂ ಸೇರಿಸು."

ಬೀಳ್ಕೊಡುಗೆಯ ಮಾತಾಡಲು ಹಳೆಯ ವಿದ್ಯಾರ್ಥಿಗಳು ಅವಳನ್ನೇ ಆರಿಸಿದ್ದರು. ಆ ಒಂದು ಪ್ರಶ್ನೆಯಿಂದಲೇ ತಾನೂ ಪಾಠ ಹೇಳುವವಳಾದೆ ಎಂದು ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದಳು.

* * *

ನಲವತ್ತು ವರ್ಷದ ಹಿಂದಿನ ಆ ದಿನ ಬೇರೆ ಶಾಲೆಗಳ ಮೂವತ್ತು ಮೇಷ್ಟ್ರುಗಳು ಪಾಠ ನೋಡಲು ಬಂದು ತರಗತಿಯ ಹಿಂದೆ ಸಾಲಾಗಿ ನಿಂತಿದ್ದರು. ತಾಕೆಮಿಯಾ ಮೇಷ್ಟ್ರು ಪುಸ್ತಕ ಮುಚ್ಚಿ, ಮೇಜಿನ ಮೇಲೆ ಎರಡು ತಟ್ಟೆ ಕಿತ್ತಳೆ ಬಣ್ಣದ ಕಾಕಿ ಹಣ್ಣು ಇಟ್ಟರು. ಒಂದರಲ್ಲಿ ಆಗಷ್ಟೇ ಮರದಿಂದ ಕಿತ್ತದ್ದು, ಇನ್ನೊಂದರಲ್ಲಿ ಚಿಜುರುವಿನ ಮನೆಯ ಸೂರಿನಡಿ ದಾರಕ್ಕೆ ಕಟ್ಟಿ ಒಣಗಿಸಿದ್ದು. ಮಕ್ಕಳು ಎರಡನ್ನೂ ಕಚ್ಚಿದರು. ಹಸಿಯದರ ಒಗರಿಗೆ ಎಲ್ಲರೂ ಮುಖ ಕಿವುಚಿದರು, ಒಣಗಿಸಿದ್ದು ಸಿಹಿಯಾಗಿತ್ತು. ವರ್ಷವಿಡೀ ತುಟಿ ಬಿಚ್ಚದ ಚಿಜುರು ಆಗ ಎದ್ದು ನಿಂತಳು.

"ಮೇಷ್ಟ್ರೇ, ನಮ್ಮಜ್ಜಿ ಸಕ್ಕರೆ ಹಾಕೋದೇ ಇಲ್ಲ. ಹಂಗಾದ್ರೆ ಒಗರು ಎಲ್ಲಿಗೆ ಹೋಯ್ತು?"

ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು. "ಇದು ನಂಗೇ ಹೊಳೆದಿರ್ಲಿಲ್ಲ ಕಣಮ್ಮ," ಎಂದರು. ಹಿಂದೆ ನಿಂತವರೆಲ್ಲ ಸರಸರನೆ ಬರೆದುಕೊಂಡರು. ಆ ಸಂಜೆ ಹುಡುಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

* * *

ನೊರಿಯೆ ಕೊಟ್ಟ ಹಾಳೆಯ ಬಲಗಡೆ 'ಮಕ್ಕಳು ಹೇಳಬಹುದಾದದ್ದು' ಎಂಬ ಕಾಲಂ ಇತ್ತು. ಪಾಠಕ್ಕೆ ಮುಂಚೆ ಅದನ್ನು ಎಲ್ಲ ಮೇಷ್ಟ್ರುಗಳೂ ತುಂಬುತ್ತಾರೆ, ಚಿಜುರುವೂ ತುಂಬುತ್ತಾಳೆ. ಅದು ಬರೀ ಊಹೆ, ಯಾರ ಹೆಸರನ್ನೂ ಬರೆಯುವುದಿಲ್ಲ. ಇಲ್ಲಿ ಕೆಂಪು ಪೆನ್ಸಿಲಿನಲ್ಲಿ ಹೆಸರುಗಳಿದ್ದವು.

'ಚಿಜುರು: ಒಗರು ಎಲ್ಲಿಗೆ ಹೋಯಿತು? ಅಜ್ಜಿಗೆ ಹೇಳಿಯಾಗಿದೆ. ಮುನ್ನಾದಿನ ಹಣ್ಣು ಸುಲಿಯುವಾಗ ಅವರೇ ಹುಡುಗಿಯ ತಲೆಗೆ ಹಾಕುತ್ತಾರೆ.' ಅದರ ಕೆಳಗೆ: 'ಸೀಮೆಸುಣ್ಣ ಬೀಳಿಸುವುದು.'

ಅಂದರೆ ಅಜ್ಜಿಯೂ ಸೇರಿದ್ದಳು! ಬೆಳಗಿನಿಂದ ಇಂಥವನಿಗಾಗಿ ಅತ್ತೆನಲ್ಲಾ ಎಂದು ಚಿಜುರುವಿಗೆ ತನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಅವಳ ಹೆಸರು ಕರೆದರು. ಟಿಪ್ಪಣಿ ಹಿಡಿದೇ ಮೇಷ್ಟ್ರ ಫೋಟೋದ ಮುಂದೆ ಹೋಗಿ ಬಾಗಿದಳು. ಬರೆದು ತಂದ ನಾಲ್ಕು ಹಾಳೆ ಚೀಲದಲ್ಲೇ ಉಳಿಯಿತು. ಅದನ್ನು ಓದಿದರೆ ತಾನೂ ಸುಳ್ಳಿಯೇ.

"ಮೇಷ್ಟ್ರೇ, ಆ ಪ್ರಶ್ನೆ ನಂದಲ್ಲ, ನಿಮ್ಮದು. ಇಲ್ಲೇ ಬರೆದಿದೀರಿ. ಸೀಮೆಸುಣ್ಣ ಬೀಳಿಸೋದನ್ನೂ ಬರೆದಿದೀರಿ. ನಾನು ಅದನ್ನೇ ನಂಬ್ಕೊಂಡು ಬದುಕಿದೆನಲ್ಲ! ನಾನಾಗೇ ಏನಾದ್ರೂ ಕೇಳ್ತೀನಿ ಅಂತ ನಿಮಗೆ ಒಂಚೂರೂ ನಂಬಿಕೆ ಇರ್ಲಿಲ್ವಾ?"

ನೊರಿಯೆ ತಲೆ ತಗ್ಗಿಸಿದಳು. ಬೌದ್ಧ ಭಿಕ್ಷುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಂತ್ರ ಮುಂದುವರಿಸಿದರು.

ಹೂವಿಡಲು ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಎದ್ದವನು ಶಿಗೆಕಿ. ಅವನು ನೇರ ಚಿಜುರುವಿನ ಹತ್ತಿರ ಬಂದ.

"ಕೊಡೇ ಇಲ್ಲಿ," ಎಂದ. ದನಿಯಲ್ಲಿ ನಗು ಇರಲಿಲ್ಲ.

ಹಾಳೆ ಬಿಡಿಸಿ, ಕಾಲಂನ ಮೇಲಿನಿಂದ ಕೆಳಕ್ಕೆ ಬೆರಳು ಇಳಿಸುತ್ತಾ ತನ್ನ ಹೆಸರು ಹುಡುಕತೊಡಗಿದ. ಅವನ ಬೆನ್ನ ಹಿಂದೆ ನಾಲ್ಕನೇ ತರಗತಿಯ ನರೆತ ತಲೆಗಳು ಒಂದೊಂದಾಗಿ ಬಂದು ಸಾಲು ನಿಂತವು. ಪೆಟ್ಟಿಗೆಯಲ್ಲಿಡಲು ಕೊಟ್ಟ ಬಿಳಿ ಹೂವುಗಳು ಎಲ್ಲರ ಕೈಯಲ್ಲೇ ಇದ್ದವು. ಪೆಟ್ಟಿಗೆಯ ಬಳಿ ಯಾರೂ ಇರಲಿಲ್ಲ.