ಮುದ್ರೆಯಿಲ್ಲದ ಲಂಗ

ಅಕ್ಕ ತಂಗಿ ಇಬ್ಬರಿಗೂ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ವಾರ್ಡುಗಳಿಂದ ಬಂದ ರಾಶಿಯಲ್ಲಿ ರಕ್ತದ ಕಲೆ ಇದ್ದುದನ್ನು ತಂಗಿ ಬೇರೆ ಮಾಡಿ ತಣ್ಣೀರಿನ ತೊಟ್ಟಿಗೆ ಹಾಕುತ್ತಿದ್ದಳು. ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತದೆ. ಕೆಲವು ತಿಂಗಳಿಂದ ಅದರೊಳಗೆ ಆಸ್ಪತ್ರೆಯ ಮುದ್ರೆಯಿಲ್ಲದ ಲಂಗವೊಂದು ಸಿಗುತ್ತಿತ್ತು. ಯಾರೋ ರೋಗಿಯದು, ಪಾಪ, ಎಂದುಕೊಂಡು ಅದನ್ನೂ ಉಜ್ಜಿ ಒಣಹಾಕುತ್ತಿದ್ದಳು. ಸಂಜೆಯೊಳಗೆ ಅದು ಹಗ್ಗದಿಂದ ಮಾಯವಾಗಿರುತ್ತಿತ್ತು.

ಒಂದು ದಿನ ಅಕ್ಕ ಅದನ್ನು ಎಳೆದು ಚೀಲಕ್ಕೆ ತುರುಕುವುದು ಕಣ್ಣಿಗೆ ಬಿತ್ತು.

ಅಕ್ಕನಿಗೆ ಮುಟ್ಟು ನಿಂತು ಐದು ವರ್ಷವಾಗಿತ್ತು. ತಂಗಿ ಕೇಳಿದ್ದಕ್ಕೆ, ಮತ್ತೆ ಹರೆಯ ಬಂದಿದೆ ಕಣೇ ಎಂದು ನಗಲು ನೋಡಿದಳು. ನಗು ಬಾಯಲ್ಲೇ ಉಳಿಯಿತು. ಆಮೇಲೆ ಒಂದೊಂದಾಗಿ ಹೇಳಿಕೊಂಡಳು. ಮೊದಲು ವಾಸನೆಯ ಬಿಳಿಸೆರಗು, ಆಮೇಲೆ ರಕ್ತ, ಈಗ ಸೊಂಟನೋವು. ಮನೆಯಲ್ಲಿ ಒಗೆದರೆ ಸೊಸೆ ನೋಡುತ್ತಾಳೆ. ಇಲ್ಲಿ ಹಾಕಿದರೆ ಇಷ್ಟು ಜನರ ರಕ್ತದ ನಡುವೆ ಯಾರಿಗೆ ಗೊತ್ತಾಗುತ್ತದೆ?

ಗರ್ಭಕೋಶದ ಬಾಯಿಯನ್ನು ಪರೀಕ್ಷಿಸುವ ಕೋಣೆ ಅಲ್ಲಿಂದ ಐವತ್ತು ಹೆಜ್ಜೆ. ನರ್ಸಮ್ಮ ವರ್ಷವರ್ಷವೂ ಕರೆದಿದ್ದರು. ಇವರಿಬ್ಬರೂ ತಮಾಷೆ ಮಾಡಿ ತಪ್ಪಿಸಿಕೊಂಡಿದ್ದರು. ಆ ಕೋಣೆಯ ಬಟ್ಟೆಯನ್ನೂ ಒಗೆದದ್ದು ಇವರೇ.

ತಂಗಿ ಅಕ್ಕನನ್ನು ಎಳೆದುಕೊಂಡು ಹೋದಳು. ಗರ್ಭಕೋಶದ ಬಾಯಿಂದ ಒಂದು ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಮೂರು ವಾರಕ್ಕೆ ಉತ್ತರ ಬಂತು: ಕ್ಯಾನ್ಸರ್, ಮೂರನೇ ಹಂತ. ವಿಕಿರಣ ಚಿಕಿತ್ಸೆಯ ಯಂತ್ರ ಇದ್ದದ್ದು ದೂರದ ಊರಿನಲ್ಲಿ. ಸರದಿಗೆ ನಾಲ್ಕು ತಿಂಗಳು.

"ನಾನು ಯಾವ ತಪ್ಪು ದಾರಿ ತುಳಿದೆ ಅಂತ ನಂಗೆ ಇದು, ಸಿಸ್ಟರ್?" ಎಂದಳು ವಾರ್ಡಿನ ಮಂಚದಲ್ಲಿ ಮಲಗಿದ್ದ ಅಕ್ಕ.

ನರ್ಸಮ್ಮ ಮಂಚದ ಅಂಚಿಗೆ ಕೂತರು. "ನಡತೆ ಮಾತೇ ಇಲ್ಲಮ್ಮ ಇಲ್ಲಿ. ಇದೊಂದು ವೈರಸ್. ಗಂಡ ಹೆಂಡ್ತಿ ಕೂಡಿದಾಗ ದಾಟುತ್ತೆ. ಬಹಳ ಜನಕ್ಕೆ ಬರುತ್ತೆ, ತಾನಾಗೇ ಹೋಗುತ್ತೆ. ಕೆಲವರಲ್ಲಿ ಮಾತ್ರ ಗರ್ಭಕೋಶದ ಬಾಯಲ್ಲೇ ಕೂತ್ಕೊಂಡು ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಅಲ್ಲಿನ ಪದರ ಕೆಡಿಸುತ್ತೆ. ನೋವಿರಲ್ಲ, ರಕ್ತ ಇರಲ್ಲ. ಆಗ ನೋಡಿದ್ರೆ ಕೆಟ್ಟಷ್ಟನ್ನೇ ತೆಗೀಬಹುದಿತ್ತು."

ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಸರದಿ ಬಂದಾಗ ಅವಳಿರಲಿಲ್ಲ.

ಆ ತಿಂಗಳೇ ತಂಗಿ ಪರೀಕ್ಷೆಯ ಮಂಚ ಹತ್ತಿದಳು. ಅವಳಲ್ಲೂ ಪದರ ಕೆಡಲು ಶುರುವಾಗಿತ್ತು, ಕ್ಯಾನ್ಸರ್ ಇನ್ನೂ ಆಗಿರಲಿಲ್ಲ. ಅದನ್ನು ಸುಟ್ಟು ತೆಗೆದು ಸಂಜೆಗೆ ಮನೆಗೆ ಕಳಿಸಿದರು. ಅವಳಿಗೆ ಖುಷಿಯಾಗಲಿಲ್ಲ, ಸಿಟ್ಟಿಗೆ ಮೈಯೆಲ್ಲ ಉರಿಯಿತು. ಇಷ್ಟೇನಾ? ಇಷ್ಟಕ್ಕಾ ಅಕ್ಕ ಹೋದದ್ದು?

ಹನ್ನೊಂದು ವರ್ಷದ ಮಗಳಿಗೆ ಆ ವೈರಸ್ ತಡೆಯುವ ಲಸಿಕೆ ಹಾಕಿಸೋಣ ಎಂದರೆ ಗಂಡ ಮುಖ ಸಿಂಡರಿಸಿದ. ಇಷ್ಟು ಚಿಕ್ಕ ಹುಡುಗಿಗೆ ಅಂಥ ಕಾಯಿಲೆಯ ಸೂಜಿ ಚುಚ್ಚಿಸಿದರೆ ಜನ ಏನಂದಾರು?

"ಅಕ್ಕನ್ನ ಹೊರೋಕೆ ಬಂದಿದ್ರಲ್ಲ, ಅದೇ ಜನಾನಾ? ಹೋಗಿ ಕೇಳ್ಕೊಂಡು ಬನ್ನಿ."

ಅವನು ಕೇಳಲು ಹೋಗಲಿಲ್ಲ. ಬೆಳಿಗ್ಗೆ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಾನೇ ಆಸ್ಪತ್ರೆಗೆ ಹೊರಟ.

ತಾಯಂದಿರೇ, ಮೂವತ್ತು ದಾಟಿದ್ದರೆ ಏನೂ ತೊಂದರೆ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಿ. ಮುಟ್ಟು ನಿಂತ ಮೇಲೆ, ಇಲ್ಲವೇ ಕೂಡಿದ ಮೇಲೆ, ಹನಿ ರಕ್ತ ಕಂಡರೂ ಕಾಯಬೇಡಿ. ಒಂಬತ್ತರಿಂದ ಹದಿನಾಲ್ಕರ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಿ. ನಾಚಿಕೆಯಾಗುತ್ತದೆ ಎನ್ನುತ್ತೀರಿ. ಆಗಲಿ. ನಾಚಿಕೊಂಡೇ ಹೋಗಿ.