ಬೋರ್ಡಿನ ಬಲಮೂಲೆ

ಸಿ.ಡಿ. ಬಂದಿದ್ದು ಹನ್ನೊಂದು ಗಂಟೆಯ ಹರಪನಹಳ್ಳಿ ಬಸ್ಸಿಗೆ. ಕಂಡಕ್ಟರ್ ಅದನ್ನು ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದ. ಸುಕನ್ಯಾ ಅದನ್ನು ಇಸಿದುಕೊಂಡು, ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರು ತಾನು ಕೆಲಸ ಮಾಡುವ ಡಿ.ಟಿ.ಪಿ. ಸೆಂಟರಿಗೆ ಹೆಚ್ಚುಕಮ್ಮಿ ಓಡಿಯೇ ಹೋದಳು. ಕಂಪ್ಯೂಟರಿಗೆ ಹಾಕಿ ತೆರೆದು ನೋಡಿದ ಹತ್ತು ನಿಮಿಷಕ್ಕೆ ಅವಳಿಗೆ ಬಂದ ಸಿಟ್ಟು ಎಂಥದ್ದೆಂದರೆ, ಅಂದು ಮಧ್ಯಾಹ್ನ ಟೈಪ್ ಮಾಡಿದ ಲಗ್ನಪತ್ರಿಕೆಯಲ್ಲಿ ವರನ ಜಾಗಕ್ಕೆ ವಧುವಿನ ಸೋದರಮಾವನ ಹೆಸರು ಬಿದ್ದಿತ್ತು. ಪುಣ್ಯಕ್ಕೆ ಅಚ್ಚಿಗೆ ಹೋಗುವ ಮೊದಲು ಯಾರೋ ನೋಡಿದರು.

ಆ ಸಿ.ಡಿ.ಯನ್ನು ಕಳಿಸಿದ್ದು ಒಂದು ಬಳಗ. ಅದು ಎರಡು ಸಾವಿರದ ಆರನೇ ಇಸವಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರಿನ ಒಂಬತ್ತು ಜನ ಸೇರಿಕೊಂಡು, ಯಾವುದೋ ದೇಶದವರು ಮಾಡಿದ ಬಸ್ ಓಡಿಸುವ ಕಂಪ್ಯೂಟರ್ ಗೇಮನ್ನು ಬಿಚ್ಚಿ, ಅದರೊಳಗೆ ನಮ್ಮ ರಸ್ತೆ, ನಮ್ಮ ಬಸ್ಸು, ನಮ್ಮ ಬೇವಿನ ಮರಗಳನ್ನು ಕೂಡಿಸುತ್ತಿದ್ದರು. ಸಂಬಳವಿಲ್ಲ, ಸನ್ಮಾನವಿಲ್ಲ. ಒಬ್ಬ ರಸ್ತೆ ಮಾಡುತ್ತಿದ್ದ, ಇನ್ನೊಬ್ಬ ಹಾರ್ನಿನ ಸದ್ದು ಕೂಡಿಸುತ್ತಿದ್ದ. ಇಂಟರ್‌ನೆಟ್ಟಿನಲ್ಲಿ ಒಂದು ಚಿತ್ರ ಕಳಿಸುವಷ್ಟರಲ್ಲಿ ಒಂದು ಊಟ ಮುಗಿಯುತ್ತಿದ್ದುದರಿಂದ ಮಾಡಿದ ಕೆಲಸವೆಲ್ಲ ಸಿ.ಡಿ.ಯಾಗಿ, ಪರಿಚಯದ ಕಂಡಕ್ಟರುಗಳ ಕೈಯಲ್ಲಿ ಊರಿಂದೂರಿಗೆ ತಿರುಗುತ್ತಿತ್ತು. ತಿಂಗಳ ಮೊದಲ ಭಾನುವಾರ ಹಗರಿಬೊಮ್ಮನಹಳ್ಳಿಯ ಗಂಗಾಧರನ ಕಂಪ್ಯೂಟರ್ ಸೆಂಟರಿನಲ್ಲಿ ಎಲ್ಲರೂ ಕೂಡುತ್ತಿದ್ದರು. ಸುಕನ್ಯಾ ಹತ್ತನೆಯವಳಾಗಿ ಬಂದಳು. ಹೆಂಗಸಾಗಿ ಮೊದಲನೆಯವಳು.

ಹೊಸಬರಿಗೆ ಅಲ್ಲಿ ಒಂದು ಪರೀಕ್ಷೆಯಿತ್ತು. ಗೇಮಿನಲ್ಲಿ ಕೂಡ್ಲಿಗಿಯಿಂದ ಹರಪನಹಳ್ಳಿಗೆ ಇಪ್ಪತ್ತು ಸಲ ಬಸ್ ಓಡಿಸಬೇಕು, ಎಲ್ಲೆಲ್ಲಿ ಗಾಲಿ ರಸ್ತೆಯೊಳಗೆ ಹೂತುಹೋಗುತ್ತದೆ, ಎಲ್ಲೆಲ್ಲಿ ಮರ ಗಾಳಿಯಲ್ಲಿ ತೇಲುತ್ತದೆ ಎಂದು ಪಟ್ಟಿ ಮಾಡಬೇಕು. ಸಾಮಾನ್ಯವಾಗಿ ಹೊಸಬರು ಎಂಟು ಹತ್ತು ತಪ್ಪು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಸುಕನ್ಯಾ ಅರವತ್ತಮೂರು ಬರೆದಳು. ಕೊನೆಯದು ಹೀಗಿತ್ತು: ಯಾವ ಸ್ಟಾಪಿನಲ್ಲೂ ಒಬ್ಬ ಹೆಂಗಸೂ ಬಸ್ಸಿಗೆ ಕಾಯುತ್ತಿಲ್ಲ, ಇವರೆಲ್ಲ ಎಲ್ಲಿ ಹೋಗಿದ್ದಾರೆ. ಗಂಗಾಧರ ಅದನ್ನು ಜೋರಾಗಿ ಓದಿ ನಕ್ಕು, ಮುಂದಿನ ತಿಂಗಳು ಗೇಮಿನ ಸ್ಟಾಪುಗಳಿಗೆ ಆರು ಜನ ಹೆಂಗಸರನ್ನು ಕೂಡಿಸಿದ. ಆರೂ ಜನಕ್ಕೆ ಒಂದೇ ಸೀರೆ.

ಆದರೆ ಅವಳು ಬಳಗ ಸೇರಿದ್ದು ತಪ್ಪು ಹುಡುಕುವುದಕ್ಕಲ್ಲ, ಅಪ್ಪನ ಬೋರ್ಡುಗಳಿಗಾಗಿ.

ಅವಳ ಅಪ್ಪ ಜಂಬಣ್ಣ ಬೋರ್ಡು ಬರೆಯುವವನು. ಈ ಭಾಗದ ಖಾಸಗಿ ಬಸ್ಸುಗಳ ಮುಂದಿನ ಗಾಜಿನ ಹಿಂದೆ ನಿಲ್ಲಿಸುವ ತಗಡಿನ ಬೋರ್ಡು, ಹಳದಿ ಮೈ, ಕಪ್ಪು ಅಕ್ಷರ, ಬಲಮೂಲೆಯಲ್ಲಿ ಕಡ್ಡಿಯಷ್ಟು ಸಣ್ಣದಾಗಿ ಕೆಂಪಿನಲ್ಲಿ ‘ಜಂಬಣ್ಣ, ಕೊಟ್ಟೂರು’. ಆ ಮೂಲೆಯ ಹೆಸರು ಬಿದ್ದರೇನೇ ಬೋರ್ಡು ಮುಗಿದ ಲೆಕ್ಕ. ಅರಸೀಕೆರೆ, ನೀಲಗುಂದ, ಗುಡೇಕೋಟೆ ಎಂಬ ಹೆಸರುಗಳನ್ನು ಎಷ್ಟೋ ಜನ ಶಾಲೆಗಿಂತ ಮೊದಲು ಓದಲು ಕಲಿತದ್ದು ಆ ತಗಡಿನ ಮೇಲೆಯೇ. ನಡುವೆ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂತು. ಆಗಿನ ಐದಾರು ವರ್ಷ ಬ್ರಷ್ಷು ಸುಕನ್ಯಾಳ ಕೈಗೆ ಬಂದಿತ್ತು. ಅದನ್ನು ಮನೆಯಲ್ಲಿ ಯಾರೂ ಬರೆಯುವುದು ಎನ್ನಲಿಲ್ಲ. ಬಂದವರ ಮುಂದೆ ಅವ್ವ ಕೊಟ್ರಬಸಮ್ಮ, “ಅಪ್ಪಗ ಒಂಚೂರು ಕೈಗೂಡಿಸ್ತಾಳ್ರಿ” ಎನ್ನುತ್ತಿದ್ದಳು. ಅವನು ಪೊರೆ ತೆಗೆಸಿಕೊಂಡು ಬರುವ ಹೊತ್ತಿಗೆ ಊರಿಗೆ ಸ್ಟಿಕ್ಕರ್ ಬಂದಿತ್ತು. ಬಸ್ಸಿನವರು ಒಬ್ಬೊಬ್ಬರಾಗಿ ಹಳೇ ಬೋರ್ಡು ತಂದು ಕಟ್ಟೆಯ ಮೇಲಿಟ್ಟು ಹೋದರು. ಹಾಗೆ ಬಂದ ಇಪ್ಪತ್ತೆರಡು ಬೋರ್ಡು ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿದ್ದವು.

ಅವನ್ನು ಇಳಿಸಿ, ಒರೆಸಿ, ಅಂಗಳದ ಬಿಸಿಲಿಗೆ ಒಂದೊಂದಾಗಿ ನಿಲ್ಲಿಸಿ, ಗಂಗಾಧರನ ಕ್ಯಾಮೆರಾದಲ್ಲಿ ಫೋಟೊ ತೆಗೆದವಳು ಸುಕನ್ಯಾ. ಸ್ಟಿಕ್ಕರಿನವರು ಅಪ್ಪನನ್ನು ರಸ್ತೆಯಿಂದ ಇಳಿಸಿದ್ದಾರೆ, ನಾನು ಅವನ ಹೆಸರನ್ನು ಮತ್ತೆ ರಸ್ತೆಗೆ ಬಿಡುತ್ತೇನೆ, ಗೇಮಿನ ರಸ್ತೆಯಾದರೂ ಆಗಲಿ ಎಂಬ ಹಟ ಅವಳದು. ಹೊಸಬರ ಹೆಸರು ಮೂರು ಸಿ.ಡಿ. ಹೊರಬಂದ ಮೇಲಷ್ಟೇ ಬಳಗದ ಪಟ್ಟಿ ಸೇರುವುದು, ಅಲ್ಲಿಯವರೆಗೆ ಅವರ ಕೆಲಸ ಅದನ್ನು ಗೇಮಿಗೆ ಕೂಡಿಸಿದ ಹಿರಿಯರ ಹೆಸರಿನಲ್ಲಿ ಹೋಗುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ಅವಳು ಹೂಂ ಅಂದಿದ್ದಳು. ಅಪ್ಪನ ಹೆಸರು ಬೋರ್ಡಿನ ಮೂಲೆಯಲ್ಲಿ ಇದ್ದೇ ಇರುತ್ತದಲ್ಲ ಎಂಬ ಧೈರ್ಯ.

ಆ ಸಿ.ಡಿ.ಯಲ್ಲಿ ಇಪ್ಪತ್ತೆರಡೂ ಬೋರ್ಡುಗಳ ಬಲಮೂಲೆಗೆ ಹಳದಿ ಬಳಿದಿತ್ತು. ಹೆಸರುಗಳ ಪಟ್ಟಿಯಲ್ಲಿ ‘ಬಸ್ ಬೋರ್ಡುಗಳು: ಪ್ರವೀಣಕುಮಾರ್, ಹರಪನಹಳ್ಳಿ’ ಎಂದಿತ್ತು.

ಭಾನುವಾರದವರೆಗೆ ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟರೆ ಬೈಗುಳವೆಲ್ಲ ಅಲ್ಲೇ ಖರ್ಚಾಗಿ ಹೋದೀತು ಎಂದು ಕೂಡಿಟ್ಟುಕೊಂಡಳು. ಹಗರಿಬೊಮ್ಮನಹಳ್ಳಿಯಲ್ಲಿ ಗಂಗಾಧರ ಚಹಾ ತರಿಸುವ ಮೊದಲೇ ಪ್ರವೀಣಕುಮಾರನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಅವನು ಬಳಗ ಕಟ್ಟಿದ ಮೊದಲ ಮೂವರಲ್ಲೊಬ್ಬ, ಇಸ್ತ್ರಿ ಮುರಿಯದ ಅಂಗಿಯ ಕಾಲೇಜು ಮೇಷ್ಟ್ರು. ಕೆಲಸಗಾರನೇ, ಅದರಲ್ಲಿ ಎರಡು ಮಾತಿಲ್ಲ.

“ನಮ್ಮಪ್ಪನ ಹೆಸರು ಯಾಕ ಅಳಿಸಿದ್ರಿ?”

“ರೂಲ್ಸ್ ಐತಿ ಮೇಡಂ. ಚಿತ್ರದಾಗ ಯಾರ ಹೆಸರೂ ಇರಬಾರದು. ಇವತ್ತು ನಿಮ್ಮ ತಂದಿದು ಬಿಟ್ರ ನಾಳಿ ಸಿಮೆಂಟ್ ಅಂಗಡಿಯವ ಬರ್ತಾನ.”

“ಮತ್ತ ಪಟ್ಟಿಯೊಳಗ ನಿಮ್ಮ ಹೆಸರು?”

“ಗೇಮಿಗೆ ಕೂಡಿಸಿದವ ನಾನು. ಬೆಳಕು ಸರಿ ಮಾಡಿ, ಬಸ್ಸಿನ ಗಾಜಿನ ಹಿಂದ ಕೂಡಿಸಾಕ ಹದಿನೈದು ದಿನ ಹಿಡೀತು. ನೀವು ಬರೇ ಫೋಟೊ ತೆಗೆದ್ರಿ. ನಿಮ್ಮ ತಂದಿಯವರು ನಮ್ಮ ಬಳಗದಾಗ ಇಲ್ಲ. ಇದರಾಗ ಸಿಟ್ಟಿಗೇಳೋದು ಏನೈತಿ?”

ಅವನ ದನಿಯಲ್ಲಿ ಸೊಕ್ಕಿರಲಿಲ್ಲ. ಪಾಠ ಹೇಳುವ ಸಮಾಧಾನವಿತ್ತು. ಸುಕನ್ಯಾಳ ಮೈ ಉರಿದದ್ದು ಆ ಸಮಾಧಾನಕ್ಕೇ.

“ನಾ ಬರೇ ಫೋಟೊ ತೆಗೆದೆ, ಖರೆ. ಆದ್ರ ಅಕ್ಷರಕ್ಕ ನೀವೇನು ಮಾಡಿದ್ರಿ? ಒಂದು ದೀರ್ಘ ಎಳದ್ರ್ಯಾ? ಅಳಿಸಿದ್ರಿ, ಅಷ್ಟ. ಬರದವನ ಹೆಸರು ಒರಸಿ ಅದರ ಮ್ಯಾಲೆ ಕುಂತ್ರಿ. ಅದಕ್ಕ ನಮ್ಮ ಕಡಿ ರೂಲ್ಸ್ ಅನ್ನಂಗಿಲ್ಲ, ಬ್ಯಾರೆ ಅಂತಾರ.”

ಹಾರ್ನಿನ ಸದ್ದು ಮಾಡುತ್ತಿದ್ದ ಹಡಗಲಿಯವನು ಕಂಪ್ಯೂಟರಿನ ಸದ್ದು ಕಡಿಮೆ ಮಾಡಿದ.

“ತಂಗೀ, ಮೂರನೇ ಸಿ.ಡಿ.ಗೆ ನಿನ್ನ ಹೆಸರು ಬರತೈತಿ, ನಾ ಅದೀನಿ,” ಎಂದ ಗಂಗಾಧರ.

“ನನ್ನ ಹೆಸರು ಯಾರು ಕೇಳಿದ್ರು ಅಣ್ಣಾ? ನನಗ ನನ್ನ ಹೆಸರು ಬ್ಯಾಡ. ಮೂಲಿಯೊಳಗ ಅವನ ಹೆಸರು ಇರಬೇಕು. ಇಲ್ಲಾಂದ್ರ ನನ್ನ ಇಪ್ಪತ್ತೆರಡು ಬೋರ್ಡು ಇಳಿಸ್ರಿ, ನಿಮ್ಮ ಬಸ್ಸು ಬೋಳು ಮುಖ ಇಟ್ಕಂಡು ಓಡಾಡ್ಲಿ.”

ಬೋರ್ಡಿಲ್ಲದ ಬಸ್ಸು ಹೇಗಿರುತ್ತದೆಂದು ಎಲ್ಲರೂ ಒಂದು ಗಳಿಗೆ ಯೋಚಿಸಿರಬೇಕು. ಪ್ರವೀಣಕುಮಾರ್ ರೂಲ್ಸಿನ ಮಾತನ್ನೇ ಇನ್ನೆರಡು ಸಲ ಹೇಳಿ ನೋಡಿದ. ಕೊನೆಗೆ ಗಂಗಾಧರ ತೀರ್ಪು ಕೊಟ್ಟ. “ಬೋರ್ಡು ಯಾರು ಬರದಾರೋ ಅವರ ಹೆಸರು ಮೂಲಿಯೊಳಗ ಇರ್ಲಿ. ಪಟ್ಟಿಯೊಳಗೂ ಅದನ್ನ ಹಾಕೋಣ. ಬುಧವಾರ ಹಂಚೋ ಸಿ.ಡಿ. ಕಾಪಿ ಮಾಡಾಕ ಕೂಡ್ತೀವಿ, ಅಷ್ಟರಾಗ ಸರಿ ಚಿತ್ರ ಕಳಿಸಿಬಿಡು ತಂಗೀ. ಕ್ಯಾಮೆರಾ ಬೇಕಾದ್ರ ತಗೊಂಡು ಹೋಗು.”

ಗೆದ್ದಿದ್ದಳು. ಆದರೆ ಕೂಡಿಟ್ಟ ಸಿಟ್ಟು ಅರ್ಧವೂ ಖರ್ಚಾಗಿರಲಿಲ್ಲ. ಕೊಟ್ಟೂರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹೇಳದೇ ಬಿಟ್ಟ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಪ್ರವೀಣಕುಮಾರನಿಗೆ ಮನಸ್ಸಿನಲ್ಲೇ ಹೇಳಿದಳು.

ಮನೆಗೆ ಬಂದಾಗ ಜಂಬಣ್ಣ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಚಪ್ಪಲಿ ಬಿಡುವ ಮೊದಲೇ ಅವಳು ಎಲ್ಲ ಹೇಳಿದಳು. ಅಳಿಸಿದ್ದು, ಕೂತದ್ದು, ತಾನು ಬೈದದ್ದು, ಗಂಗಾಧರನ ತೀರ್ಪು. ಅಪ್ಪನೂ ನಾಲ್ಕು ಬೈಯುತ್ತಾನೆ, ಇಬ್ಬರೂ ಕೂಡಿ ಬೈದರೆ ಹೊಟ್ಟೆ ತಣ್ಣಗಾದೀತು ಎಂಬುದು ಅವಳ ಆಸೆ. ಜಂಬಣ್ಣ ಬೈಯಲಿಲ್ಲ.

“ಬರದವರ ಹೆಸರು ಅಂದನೇನು ಅವ?”

“ಹೂಂ.”

“ಬೋರ್ಡು ಹೊರಗ ತಾ.”

ಇಪ್ಪತ್ತೆರಡನ್ನೂ ಅಂಗಳದ ಗೋಡೆಗೆ ಸಾಲಾಗಿ ನಿಲ್ಲಿಸಿದಳು. ಪೊರೆ ತೆಗೆಸಿದ ಮೇಲೆ ಅವನು ಅವನ್ನು ಹತ್ತಿರದಿಂದ ನೋಡಿರಲಿಲ್ಲ. ಈಗ ಕನ್ನಡಕ ಏರಿಸಿ ಒಂದೊಂದರ ಮುಂದೆಯೂ ಕುಕ್ಕರುಗಾಲಲ್ಲಿ ಕೂತು ನೋಡಿದ. ಕೆಲವನ್ನು ಎಡಕ್ಕೆ, ಕೆಲವನ್ನು ಬಲಕ್ಕೆ ಸರಿಸಿದ.

“ಈ ಎಂಟು ನಂದು,” ಎಂದ. “ಈ ಹದಿನಾಲ್ಕು ನಿಂದು.”

“ನಾ ಬಣ್ಣ ತುಂಬಿದ್ದು ಅಷ್ಟ ಅಪ್ಪಾ.”

“ಗೆರಿ ಎಳದಾಕಿನೂ ನೀನ. ಆವಾಗ ನನಗ ತಗಡಿನ ಅಂಚ ಕಾಣ್ತಿರಲಿಲ್ಲ. ನೋಡಿಲ್ಲಿ ಹಳ್ಳಿ ಅಂಬೋದು, ನಿನ್ನ ಅಕ್ಷರದ ಹೊಟ್ಟಿ ಅಗಲ. ನಂದು ಹಿಂಗ ಇರಂಗಿಲ್ಲ.”

ಸುಕನ್ಯಾ ನೋಡಿದಳು. ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅರಸೀಕೆರೆಯ ಬೋರ್ಡು ಬರೆದ ದಿನ ಕಾಲೇಜಿನ ಪರೀಕ್ಷೆಗೆ ತಡವಾಗಿ ಹೋಗಿದ್ದು, ಬೆರಳಿನ ಕಪ್ಪು ಉತ್ತರಪತ್ರಿಕೆಗೆ ಹತ್ತಿದ್ದು ಎಲ್ಲ ನೆನಪಿತ್ತು. ಆದರೂ ಇಷ್ಟು ವರ್ಷ ಆ ಅಕ್ಷರಗಳನ್ನು ಕಂಡಾಗಲೆಲ್ಲ ಅಪ್ಪನವು ಎಂದೇ ಅಂದುಕೊಂಡಿದ್ದಳು, ಅಪ್ಪನವು ಎಂದೇ ಜಗಳ ಆಡಿಬಂದಿದ್ದಳು.

“ಮತ್ತ ಮೂಲಿಗೆ ನಿನ್ನ ಹೆಸರು ಐತಲ್ಲ,” ಎಂದಳು.

“ಅದೂ ನೀನ ಬರದಿ. ಮೂಲಿಗೆ ಹೆಸರು ಹಾಕಬೇ ಅಂತಿದ್ದೆ, ನೀ ಹಾಕ್ತಿದ್ದಿ. ಯಾರ ಹೆಸರು ಅಂತ ನಾ ಹೇಳಲಿಲ್ಲ, ನೀ ಕೇಳಲಿಲ್ಲ.”

ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎನ್ನುವ ದನಿಯಲ್ಲಿ ಅವನು ಅದನ್ನು ಹೇಳಿದ. ಇಷ್ಟು ದಿನ ಹರಪನಹಳ್ಳಿಯ ಕಡೆ ಮುಖ ಮಾಡಿದ್ದ ಸುಕನ್ಯಾಳ ಸಿಟ್ಟು ಅಂಗಳದಲ್ಲೇ ತಿರುಗಿ ನಿಂತಿತು.

“ಯಾಕ ಹೇಳಲಿಲ್ಲ?”

“ಹುಡುಗಿ ಬರದಾಳ ಅಂದ್ರ ಬಸ್ಸಿನವರು ಒಯ್ತಿರಲಿಲ್ಲಬೇ.”

“ಕೇಳಿದ್ಯಾ? ಒಬ್ಬ ಮಾಲಕನ್ನ, ಒಂದು ಸಲನರ ಕೇಳಿ ನೋಡಿದ್ಯಾ?”

“ಇಲ್ಲ.”

“ಅವನೂ ರೂಲ್ಸ್ ಅಂದ. ಅವನಿಗೆ ಊರ ಮುಂದ ಬೈದು ಬಂದೀನಿ ನಾನು. ನಿನಗ ಏನನ್ನಲಿ?”

“ಅವನಿಗೆ ಅಂದದ್ದನ್ನ ಅನ್ನು,” ಎಂದ ಜಂಬಣ್ಣ. “ಅವ ಹದಿನೈದು ದಿನ ಕುಂತಾನ. ನಾ ಐದಾರು ವರ್ಷ ಕುಂತೀನಿ.”

ಅವಳು ಅನ್ನಲಿಲ್ಲ. ಅಂದಿದ್ದರೆ ಅಪ್ಪನಿಗೂ ಹಗುರವಾಗುತ್ತಿತ್ತು. ಒಳಗೆ ಹೋದಳು, ಅವ್ವ ಇಟ್ಟ ತಾಟಿಗೆ ಕೈ ಹಾಕಲಿಲ್ಲ. ಮರುದಿನವೆಲ್ಲ ಅಪ್ಪನ ಜೊತೆ ಮಾತು ಬಿಟ್ಟಳು. ಆಗ ಕಣ್ಣು ಕಾಣದಿದ್ದ ಅಪ್ಪನ ಮೇಲೆ ಸಿಟ್ಟು ಮಾಡುವುದು ಹೇಗೆ ಎಂದು ಒಂದು ಮನಸ್ಸು, ಬಾಯಿ ಇತ್ತಲ್ಲ ಎಂದು ಇನ್ನೊಂದು ಮನಸ್ಸು. ತನ್ನ ಮೇಲೂ ಅಷ್ಟೇ ಸಿಟ್ಟಿತ್ತು. ಅರವತ್ತಮೂರು ತಪ್ಪು ಹುಡುಕಿದ ಕಣ್ಣಿಗೆ ಸ್ಟಾಪಿನಲ್ಲಿ ನಿಲ್ಲದ ಹೆಂಗಸರು ಕಂಡಿದ್ದರು, ಬೋರ್ಡಿನ ಮೂಲೆಯಲ್ಲಿ ಇಲ್ಲದ ಒಬ್ಬಳು ಕಂಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಂಗಳಕ್ಕೆ ಬಂದಾಗ, ಹದಿನಾಲ್ಕು ಬೋರ್ಡು ಗೋಡೆಗೆ ನಿಂತಿದ್ದವು. ಪಕ್ಕದಲ್ಲಿ ಹಳದಿ ಡಬ್ಬಿ, ಕೆಂಪು ಡಬ್ಬಿ, ಟರ್ಪೆಂಟೈನಿನಲ್ಲಿ ತೊಳೆದಿಟ್ಟ ಎರಡು ಬ್ರಷ್ಷು. ಜಂಬಣ್ಣ ಮೊದಲನೆಯ ಬೋರ್ಡನ್ನು ತೊಡೆಯ ಮೇಲೆ ನಿಲ್ಲಿಸಿ, ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅದು ಅರಸೀಕೆರೆಯದು.

ಅವಳು ಎದುರಿಗೆ ಕೂತಳು. ಹಳದಿಯಲ್ಲಿ ಬ್ರಷ್ಷು ಅದ್ದಿ, ಬಲಮೂಲೆಯ ‘ಜಂಬಣ್ಣ, ಕೊಟ್ಟೂರು’ ಎಂಬುದರ ಮೇಲೆ ಎಳೆದಳು. ಪ್ರವೀಣಕುಮಾರ್ ಮಾಡಿದ್ದೂ ಇದನ್ನೇ ಎಂದು ಕೈ ಒಂದು ಕ್ಷಣ ನಿಂತಿತು. ಅಪ್ಪ ಬೋರ್ಡನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ. ಅವಳು ಪೂರ್ತಿ ಬಳಿದಳು. ಬಿಸಿಲಿಗೆ ಅದು ಒಣಗುವ ತನಕ ಅಪ್ಪ ಬೋರ್ಡನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆಮೇಲೆ ಸಣ್ಣ ಬ್ರಷ್ಷನ್ನು ಕೆಂಪಿಗೆ ಅದ್ದಿ ಮೂಲೆಗೆ ಇಟ್ಟಳು. ಕೈ ತನ್ನ ಪಾಡಿಗೆ ತಾನು ಬರೆಯತೊಡಗಿತು. ಬರೆದದ್ದನ್ನು ನೋಡಿದರೆ, ‘ಜಂ’ ಎಂದಿತ್ತು.

ಜಂಬಣ್ಣ ತಲೆ ತಗ್ಗಿಸಿದ. ಸುಕನ್ಯಾಳ ಕಣ್ಣಲ್ಲಿ ನೀರು ಬಂತು, ಅಳುವಿನದಲ್ಲ, ಕಡುಕೋಪದ್ದು. ಬಟ್ಟೆಯ ತುದಿಗೆ ಟರ್ಪೆಂಟೈನ್ ಹಾಕಿ ಅದನ್ನು ಒರೆಸಿದಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು, ಶಾಲೆಗೆ ಹೊಸದಾಗಿ ಸೇರಿದವರ ಹಾಗೆ ನಿಧಾನವಾಗಿ ಮತ್ತೆ ಬರೆದಳು. ‘ಸುಕನ್ಯಾ, ಕೊಟ್ಟೂರು.’ ಅಕ್ಷರ ಸೊಟ್ಟಗಿತ್ತು. ಹಾಗೇ ಬಿಟ್ಟು, ಮುಂದಿನ ಬೋರ್ಡು ಎಳೆದುಕೊಂಡಳು.